ದೋಣಿ ಒಡೆದವನ ಲೆಕ್ಕ

ಸಾಲ ಮಾಡಿ ಕೈ ಸುಟ್ಟುಕೊಂಡವನಿಗೆ ಊರು ಹೇಳುವ ಮಾತು ಒಂದೇ: ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು. ಇಟಲಿಯ ಲುಕಿನೊ ವಿಸ್ಕೊಂತಿ 1948ರಲ್ಲಿ ತೆರೆಗೆ ತಂದ ‘ಲಾ ತೆರ್ರಾ ತ್ರೇಮಾ’, ಅಂದರೆ ‘ಭೂಮಿ ನಡುಗುತ್ತಿದೆ’, ನೋಡಿದಂದಿನಿಂದ ಈ ಗಾದೆ ನನ್ನ ಬಾಯಿಗೆ ಸಲೀಸಾಗಿ ಬರುವುದಿಲ್ಲ.

ಸಿಸಿಲಿಯ ಕಡಲ ದಂಡೆಯ ಆಚಿ ತ್ರೆತ್ಸಾ ಎಂಬ ಹಳ್ಳಿ. ಒಕ್ಕಣ್ಣ ರಾಕ್ಷಸನೊಬ್ಬ ಒಡಿಸ್ಯೂಸನ ಹಡಗಿನತ್ತ ಎಸೆದವೆಂದು ಪುರಾಣ ಹೇಳುವ ಬಂಡೆಗಳು ಅಲ್ಲಿ ಇಂದಿಗೂ ನೀರಲ್ಲಿ ನಿಂತಿವೆ. ಚಿತ್ರದ ರಾಕ್ಷಸರು ಮಾತ್ರ ತಕ್ಕಡಿ ಹಿಡಿದ ಸಗಟು ವ್ಯಾಪಾರಿಗಳು. ರಾತ್ರಿಯೆಲ್ಲ ಬಲೆ ಎಳೆದವನಿಗೆ ಅವರು ಹೇಳಿದ್ದೇ ದರ. ರೋಸಿಹೋದ ತರುಣ ನ್ತೋನಿ ತಕ್ಕಡಿಯನ್ನು ಕಡಲಿಗೆಸೆದು ಜೈಲು ಕಂಡು ಬರುತ್ತಾನೆ. ಆಮೇಲೆ ಮನೆ ಅಡವಿಟ್ಟು ಸ್ವಂತ ವ್ಯಾಪಾರಕ್ಕಿಳಿಯುತ್ತಾನೆ. ಆಂಚೋವಿ ಮೀನು ರಾಶಿರಾಶಿ ಸಿಕ್ಕು, ಮನೆಮಂದಿಯೆಲ್ಲ ಉಪ್ಪು ಬೆರೆಸಿ ಪೀಪಾಯಿ ತುಂಬುವಾಗ ಅಲ್ಲಿ ಹಬ್ಬದ ಸಡಗರ. ಆದರೆ ಸಾಲದ ತುರ್ತು ಅವನನ್ನು ಬಿರುಗಾಳಿಯ ದಿನವೂ ಕಡಲಿಗೆ ದೂಡುತ್ತದೆ. ಕಪ್ಪು ಶಾಲು ಹೊದ್ದ ಹೆಂಗಸರು ಬಂಡೆಯ ಮೇಲೆ ನಿಂತು ಕಾಯುತ್ತಾರೆ. ಗಂಡಸರು ಜೀವಂತ ಮರಳುತ್ತಾರೆ, ದೋಣಿ ಒಡೆದಿರುತ್ತದೆ.

ಮುಂದೆ ಕಷ್ಟಗಳ ಸರಮಾಲೆ. ಮನೆ ಬ್ಯಾಂಕಿನ ಪಾಲು, ಅಜ್ಜ ಆಸ್ಪತ್ರೆಯ ಪಾಲು. ತಮ್ಮ ಊರು ಬಿಟ್ಟ. ಒಬ್ಬ ತಂಗಿಯ ಹೆಸರು ಕೆಟ್ಟಿತು, ಇನ್ನೊಬ್ಬಳ ಮದುವೆ ನಿಂತಿತು. ಇದು ಕಣ್ಣೀರಿನ ಕಥೆಯಲ್ಲವೇ ಎಂದು ನೀವು ಕೇಳಬಹುದು. ಹೌದು. ಮಿಲಾನಿನ ಸಿರಿವಂತ ಮನೆತನದ ವಿಸ್ಕೊಂತಿಗೆ ಒಪೆರಾದ ಹುಚ್ಚು. ಆದರೆ ಅತ್ತು ಹಗುರಾಗಲು ಆತ ಬಿಡುವುದಿಲ್ಲ. ತೆರೆಯ ಮೇಲಿರುವವರೆಲ್ಲ ಆ ಊರಿನ ಜನರೇ, ಆಡುವುದು ತಮ್ಮದೇ ಸಿಸಿಲಿಯ ನುಡಿ. ಉಳಿದ ಇಟಲಿಗೆ ಅದು ಅರ್ಥವಾಗದೆಂದು ಇಟಾಲಿಯನ್ ನಿರೂಪಣೆ ಸೇರಿಸಬೇಕಾಯಿತು. ಕಥೆಗೆ ಆಧಾರ ಜೊವಾನ್ನಿ ವೆರ್ಗಾ ಅವರ 1881ರ ಕಾದಂಬರಿ ‘ಇ ಮಾಲಾವೋಲಿಯಾ’. ಅಲ್ಲಿ ವಿಧಿಯ ನೆರಳು ದಟ್ಟ. ವಿಸ್ಕೊಂತಿ ಆ ವಿಧಿಯ ಕೈಗೊಂದು ತಕ್ಕಡಿ ಕೊಟ್ಟ.

ನಮ್ಮ ಚಿಕ್ಕಪ್ಪ ಹೆಂಡತಿಯ ಬಳೆ ಒತ್ತೆಯಿಟ್ಟು ಅಂಗಡಿ ತೆರೆದು, ಎರಡೇ ವರ್ಷಕ್ಕೆ ಬಾಗಿಲು ಹಾಕಿದವರು. ಹಾಸಿಗೆಯ ಗಾದೆ ಕೇಳಿಸಿಕೊಂಡೇ ಮುದುಕರಾದರು. ಅವರು ಸಾಲಕ್ಕೆ ಅಲೆಯುತ್ತಿದ್ದಾಗ ನೆರವಿಗೆ ಬಂದವರು ಎಷ್ಟು ಮಂದಿ ಎಂದು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ. ನ್ತೋನಿ ಸೋತದ್ದು ಕಾಲು ಚಾಚಿದ್ದಕ್ಕಲ್ಲ, ಒಬ್ಬನೇ ಚಾಚಿದ್ದಕ್ಕೆ. ಜೊತೆಗೆ ಹತ್ತು ದೋಣಿಗಳಿದ್ದಿದ್ದರೆ ಒಂದು ಒಡೆದರೂ ಒಂಬತ್ತು ಅದನ್ನು ಹೊರುತ್ತಿದ್ದವು.

ಒಡೆದ ದೋಣಿಯ ಬಳಿ ಪುಟ್ಟ ಹುಡುಗಿಯೊಬ್ಬಳೊಡನೆ ಮಾತಾಡುತ್ತ ನ್ತೋನಿ ಇದನ್ನೇ ಕಂಡುಕೊಳ್ಳುತ್ತಾನೆ. ಆದರೆ ಹೊಟ್ಟೆ ಕಾಯುವುದಿಲ್ಲ. ಎಳೆಯ ತಮ್ಮಂದಿರನ್ನು ಕರೆದುಕೊಂಡು ಅದೇ ವ್ಯಾಪಾರಿಗಳೆದುರು ಕೂಲಿ ಕೇಳಲು ನಿಲ್ಲುತ್ತಾನೆ. ಗೋಡೆಯ ಮೇಲೆ ಮುಸೊಲಿನಿಯ ಘೋಷಣೆ ಇನ್ನೂ ಪೂರ್ತಿ ಅಳಿಸಿಲ್ಲ. ಅವರು ಗಹಗಹಿಸಿ ನಗುತ್ತಾರೆ. ಅವನು ತಲೆ ತಗ್ಗಿಸುವುದಿಲ್ಲ. ಹೋಗಿ ಹುಟ್ಟು ಹಾಕತೊಡಗುತ್ತಾನೆ.