ಆರು ಕಿಲೋಮೀಟರ್ ದೂರದ ಕನ್ನಡ ಶಾಲೆಗೆ ಒಂದು ಸೈಕಲ್

ಕಳೆದ ಮೇ ತಿಂಗಳ ಕೊನೆಯ ವಾರ ನಮ್ಮ ಮನೆಯ ಚಾವಡಿಯಲ್ಲಿ ನಡೆದ ಒಂದು ಚರ್ಚೆಯನ್ನು ಓದುಗರ ಮುಂದಿಡಬೇಕೆನಿಸಿದೆ. ವಿಷಯ ಮೇಲ್ನೋಟಕ್ಕೆ ಸಣ್ಣದು. ಏಳನೆಯ ತರಗತಿ ಮುಗಿಸಿದ ಮಗಳಿಗೆ ವಿದ್ಯುತ್ ಸೈಕಲ್ ಕೊಡಿಸುವುದಾದರೆ ಅಂಗಡಿಯಲ್ಲಿದ್ದ ಎರಡು ಮಾದರಿಗಳಲ್ಲಿ ಯಾವುದು? ಆದರೆ ಆ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯೊಂದು ಇತ್ತು. ಅವಳು ಎಂಟನೆಯ ತರಗತಿಯನ್ನು ಕನ್ನಡದಲ್ಲಿ ಓದುವಳೋ, ಇಲ್ಲವೋ?

ನಮ್ಮದು ಪೆರ್ಲದ ಕಡೆಯ ಒಂದು ಹಳ್ಳಿ. ಅವಳು ಏಳನೆಯವರೆಗೆ ಓದಿದ ಕನ್ನಡ ಶಾಲೆಗೆ ತೋಟ ದಾಟಿ ನಡೆದೇ ಹೋಗಬಹುದು. ಕನ್ನಡ ಮಾಧ್ಯಮದ ಹೈಸ್ಕೂಲು ಇರುವುದು ಆರು ಕಿಲೋಮೀಟರ್ ದೂರದಲ್ಲಿ. ನಡುವೆ ಎರಡು ಏರು, ಒಂದು ಕಡಿದಾದ ಇಳಿಜಾರು. ಶಾಲೆಯ ಹೊತ್ತಿಗೆ ಹೋಗುತ್ತಿದ್ದ ಒಂದೇ ಒಂದು ಬಸ್ಸು ಎರಡು ವರ್ಷಗಳಿಂದ ಬರುತ್ತಿಲ್ಲ. ನಾನು ಕಾಸರಗೋಡಿನ ನ್ಯಾಯಾಲಯಕ್ಕೆ ಹೊರಡುವ ದಾರಿ ಶಾಲೆಗೆ ವಿರುದ್ಧ ದಿಕ್ಕಿನದು. ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನಾದರೋ ನಮ್ಮ ಗೇಟಿನ ಎದುರಿಗೇ ಬಂದು ನಿಲ್ಲುತ್ತದೆ.

"ನಿಮ್ಮ ಅಭಿಮಾನವನ್ನು ಹೊತ್ತುಕೊಂಡು ಮಗು ಗುಡ್ಡೆ ಹತ್ತಬೇಕಾ?" ಎಂದು ನನ್ನ ಹೆಂಡತಿ ಕೇಳಿದಳು. ಆ ಮಾತಿನಲ್ಲಿ ಹುರುಳಿತ್ತು. ನಾನು ಕೂಡಲೇ ಉತ್ತರಿಸಲಾರದೆ ಹೋದೆ. ವೇದಿಕೆಗಳಲ್ಲಿ ಮಾತೃಭಾಷಾ ಶಿಕ್ಷಣದ ಕುರಿತು, ಸಂವಿಧಾನದ 350ಎ ವಿಧಿಯ ಕುರಿತು ನಾನು ಮಾತನಾಡಿದ್ದುಂಟು. ವೇದಿಕೆಯ ಮಾತನ್ನು ಮಗಳ ಕಾಲುಗಳು ತೀರಿಸಬೇಕೆಂಬುದು ನ್ಯಾಯವಲ್ಲ. ಆದರೆ ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತಿತ್ತು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್ ಉಳಿಯುವುದೂ ಅಧ್ಯಾಪಕರ ಹುದ್ದೆ ನಿಲ್ಲುವುದೂ ನಿರ್ಧಾರವಾಗುತ್ತದೆ. ನಮ್ಮಂಥ ಮೂರು ನಾಲ್ಕು ಮನೆಗಳವರು ವ್ಯಾನು ಹತ್ತಿಸಿಬಿಟ್ಟರೆ ಉಳಿದ ಮಕ್ಕಳ ತರಗತಿಯೂ ಕರಗುತ್ತದೆ. ಮಗಳಿಗೆ ಕನ್ನಡ ಶಾಲೆಯೇ ಬೇಕಾಗಿತ್ತು. ಅವಳ ಗೆಳತಿಯರಿಬ್ಬರು ಅಲ್ಲಿಗೇ ಸೇರುವವರಿದ್ದರು. ಹೀಗೆ ವಿದ್ಯುತ್ ಸೈಕಲ್ಲಿನ ಯೋಚನೆ ಹುಟ್ಟಿತು.

ಪೇಟೆಯ ಅಂಗಡಿಯಲ್ಲಿ ಒಂದೇ ಚೌಕಟ್ಟಿನ, ಒಂದೇ ಬಣ್ಣದ ಎರಡು ಸೈಕಲ್ಲುಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ಮೊದಲನೆಯದರ ಮೋಟಾರು 250 ವ್ಯಾಟ್ ವರ್ಗದ್ದು. ಪೆಡಲ್ ತುಳಿದರೆ ಮಾತ್ರ ಅದು ನೆರವಿಗೆ ಬರುತ್ತದೆ. ತುಳಿಯುವುದನ್ನು ಬಿಟ್ಟರೆ, ಇಲ್ಲವೇ ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಿದರೆ ನಿಲ್ಲುತ್ತದೆ. ಎರಡನೆಯದರ ಮೋಟಾರು 500 ವ್ಯಾಟಿನದು, ಬ್ಯಾಟರಿಯೂ ದೊಡ್ಡದು. ಹಿಡಿಯನ್ನು ತಿರುಗಿಸಿದರೆ ಸಾಕು, ತುಳಿಯಬೇಕೆಂದಿಲ್ಲ. ಬೆಲೆಯಲ್ಲಿ ಹತ್ತು ಸಾವಿರದಷ್ಟು ವ್ಯತ್ಯಾಸ.

"ಎರಡನೆಯದನ್ನೇ ತೆಗೆದುಕೊಳ್ಳಿ ವಕೀಲರೇ, ಏರಿನಲ್ಲಿ ಮಗುವಿಗೆ ಸುಖ. ಒಂದು ವಯರು ತೆಗೆದರೆ ನಲುವತ್ತೈದಕ್ಕೂ ಓಡುತ್ತದೆ. ನೋಡಲಿಕ್ಕೆ ಸೈಕಲ್ಲೇ ಅಲ್ಲವಾ, ಯಾರು ಕೇಳ್ತಾರೆ?" ಎಂದರು ಅಂಗಡಿಯವರು.

ಏರಿನ ಮಾತು ನನ್ನನ್ನು ಸೆಳೆಯಿತೆಂದು ಒಪ್ಪಿಕೊಳ್ಳಬೇಕು. ಬೆವರಿಳಿಸಿಕೊಂಡು ತರಗತಿಗೆ ಹೋಗುವ ಮಗಳ ಚಿತ್ರ ಯಾವ ತಂದೆಯ ಕಣ್ಣಿಗೂ ಹಿತವಲ್ಲ. ಆದರೆ "ಯಾರು ಕೇಳ್ತಾರೆ" ಎಂಬ ಮಾತನ್ನು ನಾನು ಹಿಂದೆಯೂ ಕೇಳಿದ್ದೆ, ನನ್ನ ಕಚೇರಿಯಲ್ಲಿಯೇ.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ನನ್ನಲ್ಲಿಗೆ ಬಂದಿದ್ದರು. ನೋಂದಣಿ ಬೇಡವೆಂದು ಹೇಳಿ ಮಾರಿದ ವಿದ್ಯುತ್ ವಾಹನವೊಂದರ ವೇಗದ ಕಡಿವಾಣವನ್ನು ಕಳಚಿಸಿದ್ದರು. ಅವರ ಮಗ ರಸ್ತೆಯಂಚಿನಲ್ಲಿ ನಡೆಯುತ್ತಿದ್ದ ವೃದ್ಧರೊಬ್ಬರಿಗೆ ಅದನ್ನು ಢಿಕ್ಕಿ ಹೊಡೆಸಿದ್ದ. ಅದು ಸೈಕಲ್ಲಿಗೆ ಸಮಾನವೆಂದು ನ್ಯಾಯಮಂಡಳಿಯ ಮುಂದೆ ವಾದಿಸಿದವನು ನಾನೇ. ಪರೀಕ್ಷೆಯಲ್ಲಿ ಮೋಟಾರಿನ ಶಕ್ತಿಯೂ ವೇಗವೂ ಮಿತಿಯನ್ನು ಮೀರಿದ್ದು ಕಂಡುಬಂತು, ವಾದ ಬಿದ್ದುಹೋಯಿತು. ವಿಮೆ ಇರಲಿಲ್ಲವಾದ್ದರಿಂದ ಪರಿಹಾರದ ಪೂರ್ಣ ಹೊಣೆ ತಂದೆಯ ಮೇಲೆ ಬಿತ್ತು. ಅವರು ಅಡಿಕೆ ತೋಟದ ಒಂದು ಭಾಗವನ್ನು ಮಾರಿದರು. ಆ ವೃದ್ಧರು ಮತ್ತೆ ಊರುಗೋಲಿಲ್ಲದೆ ನಡೆಯಲಿಲ್ಲ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲ್ ತುಳಿತಕ್ಕೆ ನೆರವಾಗುವ ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 0.25 ಕಿಲೋವ್ಯಾಟಿಗಿಂತ ಕಡಿಮೆಯಿದ್ದು, 25 ಕಿಲೋಮೀಟರ್ ವೇಗದಲ್ಲಿ ಅದು ತಾನಾಗಿ ನಿಲ್ಲುವಂತಿದ್ದು, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಇದನ್ನು ದೃಢೀಕರಿಸಿದ್ದರೆ ಅಂಥ ಸೈಕಲ್ ಮೋಟಾರು ವಾಹನವಲ್ಲ. ಅದಕ್ಕೆ ನೋಂದಣಿಯಾಗಲಿ ಲೈಸೆನ್ಸಾಗಲಿ ಬೇಕಿಲ್ಲ. ಆ ಗೆರೆಯನ್ನು ದಾಟಿದ್ದಕ್ಕೆ ನೋಂದಣಿ, ಲೈಸೆನ್ಸು, ವಿಮೆ ಮೂರೂ ಬೇಕು. ಆಕಾರ ಸೈಕಲ್ಲಿನದೇ ಆಗಿದ್ದರೂ ವಿನಾಯಿತಿಯಿಲ್ಲ. ಅಪ್ರಾಪ್ತ ವಯಸ್ಸಿನ ಮಗು ಮೋಟಾರು ವಾಹನ ಓಡಿಸಿ ಅಪರಾಧವೆಸಗಿದರೆ ಹೆತ್ತವರನ್ನೇ ತಪ್ಪಿತಸ್ಥರೆಂದು ಭಾವಿಸುವ 199ಎ ಕಲಮು 2019ರ ತಿದ್ದುಪಡಿಯಲ್ಲಿ ಬಂತು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಮಗುವಿಗೆ 25 ವರ್ಷ ತುಂಬುವ ತನಕ ಲೈಸೆನ್ಸೂ ಸಿಗದು.

ಕಾನೂನಿನ ಭಯವೊಂದೇ ಕಾರಣವಲ್ಲ. ವೇಗ ಹೆಚ್ಚಿದಂತೆ ಢಿಕ್ಕಿಯ ಬಲ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆಂಬುದನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿಯೇ ಕಲಿಯುತ್ತಾರೆ. 25ರಿಂದ 45ಕ್ಕೆ ಏರಿದಾಗ ಚಲನಶಕ್ತಿ ಮೂರು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಜುಲೈ ತಿಂಗಳ ಮಳೆಯಲ್ಲಿ, ಮುರಕಲ್ಲಿನ ಕೆಂಪು ಕೆಸರು ಹರಡಿದ ನಮ್ಮ ಇಳಿಜಾರಿನಲ್ಲಿ, ಹದಿಮೂರರ ಹುಡುಗಿಯ ಬೆರಳುಗಳು ಹಿಡಿದು ನಿಲ್ಲಿಸಬೇಕಾದದ್ದು ಆ ಶಕ್ತಿಯನ್ನು.

ಮನೆಗೆ ಬಂದು ಎರಡೂ ಮಾದರಿಗಳ ವಿವರಪತ್ರಗಳನ್ನು ಚಾವಡಿಯಲ್ಲಿ ಹರಡಿಕೊಂಡೆವು. ಎಲ್ಲವೂ ಇಂಗ್ಲಿಷಿನಲ್ಲಿದ್ದುದರಿಂದ ನಾನು ಓದಿ ಹೇಳಿದ್ದನ್ನು ಮಗಳು ಕನ್ನಡದಲ್ಲಿ ಬರೆದುಕೊಂಡಳು. ಮೊದಲನೆಯದರ ಬ್ಯಾಟರಿ 36 ವೋಲ್ಟ್, 10 ಆಂಪಿಯರ್ ಅವರ್; ಗುಣಿಸಿದರೆ 360 ವ್ಯಾಟ್ ಅವರ್. ನಮ್ಮ ಏರುಗಳಲ್ಲಿ ಕಿಲೋಮೀಟರಿಗೆ 12ರಿಂದ 15 ಖರ್ಚಾದೀತೆಂದು ಹಿಡಿದೆವು. ಹೋಗಿ ಬರುವ 12 ಕಿಲೋಮೀಟರಿಗೆ ಹೆಚ್ಚೆಂದರೆ 180, ಅಂದರೆ ಅರ್ಧ. ವರುಷಗಳು ಕಳೆದಂತೆ ಬ್ಯಾಟರಿ ಸೊರಗಿದರೂ ದಾರಿ ಸಾಗುತ್ತದೆ. ಅದನ್ನು ಕಳಚಿ ಒಳಗೆ ತಂದು ಚಾರ್ಜ್ ಮಾಡಬಹುದು. ಮಳೆಗಾಲದಲ್ಲಿ ಇದು ಸಣ್ಣ ಅನುಕೂಲವಲ್ಲ. ಪೂರ್ತಿ ತುಂಬಿಸಲು ಅರ್ಧ ಯೂನಿಟ್ ವಿದ್ಯುತ್ತು ಸಾಕು.

ಮಗಳು ಪೆನ್ನು ಕೆಳಗಿಟ್ಟು, "ಅಪ್ಪಾ, ಮೊದಲಿನದರಲ್ಲಿ ಬ್ಯಾಟರಿ ಮುಗಿದರೂ ತುಳಿದುಕೊಂಡು ಬರಬಹುದು. ಇನ್ನೊಂದು ಅಷ್ಟು ಭಾರ ಉಂಟು, ಮುಗಿದರೆ ದೂಡಬೇಕು. ಮತ್ತೆ ನಾನು ಅಷ್ಟು ಜೋರಾಗಿ ಹೋದರೆ ಗೆಳತಿಯರು ಹಿಂದೆ ಉಳಿಯುತ್ತಾರೆ" ಎಂದಳು. ನನ್ನ ಕಲಮುಗಳಾವುವೂ ಅವಳಿಗೆ ಬೇಕಾಗಿರಲಿಲ್ಲ.

ಹೆಂಡತಿ ಎರಡು ಷರತ್ತುಗಳನ್ನು ಹಾಕಿದಳು. ಕಾನೂನು ಕೇಳದಿದ್ದರೂ ಹೆಲ್ಮೆಟ್ ಇರಬೇಕು. ಕಡಿದಾದ ಇಳಿಜಾರಿನಲ್ಲಿ ಇಳಿದು ನಡೆಯಬೇಕು. ಜೋರು ಮಳೆಯ ದಿನಗಳಲ್ಲಿ ಮೂರು ಮನೆಯವರು ಸೇರಿ ರಿಕ್ಷಾ ಮಾಡಿಸಬೇಕೆಂದೂ ನಿಶ್ಚಯವಾಯಿತು. ಮೊದಲನೆಯ ಮಾದರಿಯನ್ನೇ ಕೊಂಡೆವು.

ಕೊಳ್ಳಲು ಹೊರಟವರಿಗೆ ಮೂರು ಮಾತು. ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ. ಮೋಟಾರಿನ ಶಕ್ತಿಯನ್ನೂ ಗರಿಷ್ಠ ವೇಗವನ್ನೂ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬಾಯಿಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆ. ವಯರು ಕಳಚಿ ಕೊಡುತ್ತೇನೆನ್ನುವವರ ಅಂಗಡಿಯಿಂದ ಹೊರಗೆ ಬನ್ನಿ.

ಮೂವತ್ತು ನಲುವತ್ತು ಸಾವಿರ ರೂಪಾಯಿ ಎಲ್ಲ ಮನೆಗಳಲ್ಲೂ ಇರುವುದಿಲ್ಲವೆಂಬುದು ನನಗೆ ಗೊತ್ತು. ನಾವು ಸೈಕಲ್ ಕೊಂಡೆವೆಂದು ನಿಂತ ಬಸ್ಸಿನ ಮಾತು ನಿಲ್ಲಬಾರದು. ಆದುದರಿಂದ ಜೂನ್ ತಿಂಗಳಲ್ಲಿಯೇ ರಕ್ಷಕರೆಲ್ಲರ ಸಹಿ ಹಾಕಿಸಿ, ಬೆಳಗ್ಗಿನ ಬಸ್ಸಿಗಾಗಿ ಸಂಬಂಧಪಟ್ಟ ಕಚೇರಿಗೆ ಮನವಿ ಸಲ್ಲಿಸಿದೆವು. ಕಾಸರಗೋಡಿನ ಕನ್ನಡಿಗರಿಗೆ 1969ರ ಕೇರಳದ ಅಧಿಕೃತ ಭಾಷಾ ಕಾಯಿದೆ ಕನ್ನಡದಲ್ಲಿ ಪತ್ರವ್ಯವಹಾರದ ಹಕ್ಕನ್ನು ಕೊಟ್ಟಿದೆ. ಮನವಿಯನ್ನು ಕನ್ನಡದಲ್ಲಿಯೇ ಬರೆದೆವು. ಉತ್ತರ ಇನ್ನೂ ಬಂದಿಲ್ಲ. ಎರಡನೆಯ ಮನವಿಯ ಕರಡನ್ನು ಮಗಳೇ ಬರೆಯುತ್ತಿದ್ದಾಳೆ. ಆರನೆಯ ಕೆಲಸದ ದಿನದ ಎಣಿಕೆಯಲ್ಲಿ ಅವಳೂ ಅವಳ ಗೆಳತಿಯರಿಬ್ಬರೂ ಇದ್ದರು.