ಭೂತಾಯಿಯ ಬಯಕೆ

ಸುಗ್ಗಿಯ ಹಬ್ಬಗಳು ಸಾಮಾನ್ಯವಾಗಿ ಬೆಳೆ ಕೈಸೇರಿದ ಮೇಲೆ ಬರುತ್ತವೆ. ಕಣ ತುಂಬಿ, ಕಣಜ ತುಂಬಿ, ಮನಸ್ಸು ನಿಶ್ಚಿಂತವಾದಾಗ ಮನುಷ್ಯನು ಭೂಮಿಯನ್ನು ನೆನೆದು ಕೈಮುಗಿಯುವುದು ಸಹಜವೇ ಆಗಿದೆ. ಆದರೆ ಮಲೆನಾಡಿನ ರೈತರು ಆಚರಿಸುವ ಒಂದು ಹಬ್ಬ ಈ ಕ್ರಮಕ್ಕೆ ಹೊರತಾದುದು. ಅದು ಶರದೃತುವಿನಲ್ಲಿ, ಆಶ್ವಯುಜ ಮಾಸದ ಹುಣ್ಣಿಮೆಯಂದು ಬರುತ್ತದೆ. ಆಗ ಬೆಳೆ ಇನ್ನೂ ಗದ್ದೆಯಲ್ಲಿಯೇ ಇರುತ್ತದೆ. ಕಾಳು ಗಟ್ಟಿಯಾಗುವುದೋ ಜೊಳ್ಳಾಗುವುದೋ ಯಾರೂ ಅರಿಯರು. ಇದೇ ಭೂಮಿ ಹುಣ್ಣಿಮೆ. ಶೀಗಿ ಹುಣ್ಣಿಮೆ ಎಂಬುದು ಇದರ ಇನ್ನೊಂದು ಹೆಸರು.

ಈ ಹೊತ್ತಿಗೆ ಮಲೆನಾಡಿನ ಭತ್ತದ ಪೈರು ಹೊಡೆ ತುಂಬಿ ನಿಂತಿರುತ್ತದೆ. ಕೆಲವು ಗದ್ದೆಗಳಲ್ಲಿ ತೆನೆ ಹೊರಬಿದ್ದಿರುತ್ತದೆ. ಭತ್ತದ ಹೂವು ಕಣ್ಣಿಗೆ ಬೀಳದಷ್ಟು ಚಿಕ್ಕದು. ಅದು ಮುಂಜಾವು ಕಳೆದ ಮೇಲೆ ಅರಳಿ, ಸ್ವಲ್ಪ ಹೊತ್ತಿನಲ್ಲಿಯೇ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಪರಾಗ ಕೂಡಿದರೆ ಕಾಳಿಗೆ ಹಾಲು ತುಂಬುತ್ತದೆ; ಸುಮಾರು 30 ದಿನಗಳಲ್ಲಿ ಅದು ಬಲಿಯುತ್ತದೆ. ಈ ದಿನಗಳಲ್ಲಿ ಬುಡದಲ್ಲಿ ನೀರು ಬತ್ತಿದರೆ ತೆನೆ ಬರಿದಾಗುತ್ತದೆ. ಉಳುವುದು, ನಡುವುದು, ಕಳೆ ತೆಗೆಯುವುದು ಎಲ್ಲವೂ ಮುಗಿದು, ರೈತನ ಕೈಯಲ್ಲಿ ಹೆಚ್ಚೇನೂ ಉಳಿಯದ ಕಾಲವಿದು. ಹಿರಿಯರು ಈ ಪೈರನ್ನು ಹೊತ್ತ ಭೂಮಿಯಲ್ಲಿ ತುಂಬು ಬಸುರಿಯನ್ನು ಕಂಡರು. ಬಸುರಿಗೆ ಬಯಕೆಯ ಊಟ ಬಡಿಸುವುದು ಮನೆಯವರ ಧರ್ಮ. ಭೂತಾಯಿಗೂ ಅದೇ ಸಲ್ಲಬೇಕೆಂದು ಅವರು ಬಗೆದರು.

ಹಬ್ಬದ ಸಿದ್ಧತೆ ದಸರೆಯಿಂದಲೇ ಮೊದಲಾಗುತ್ತದೆ. ಸಾಗರ, ಸೊರಬದ ಸೀಮೆಯಲ್ಲಿ ದೀವರ ಮನೆಗಳ ಹೆಣ್ಣುಮಕ್ಕಳು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯ ಬಣ್ಣದಿಂದ ಭತ್ತದ ಸಸಿಯನ್ನೂ ಬಗೆಬಗೆಯ ಎಳೆಗಳನ್ನೂ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಪುಂಡಿಯ ನಾರೇ ಅವರ ಕುಂಚ. ತಾಯಿಯ ಪಕ್ಕದಲ್ಲಿ ಕುಳಿತು ಮಗಳು ಈ ಕಲೆಯನ್ನು ಕಲಿಯುತ್ತಾಳೆ.

ಹುಣ್ಣಿಮೆಯ ಹಿಂದಿನ ರಾತ್ರಿ ಅಡುಗೆಮನೆಗೆ ನಿದ್ರೆಯಿಲ್ಲ. ಕಡುಬು, ಹೋಳಿಗೆ, ಚಿತ್ರಾನ್ನ, ಮೊಸರನ್ನ, ಸಿಹಿಗುಂಬಳದ ಪಲ್ಯ ಒಂದೊಂದಾಗಿ ಸಿದ್ಧವಾಗುತ್ತವೆ. ಬೇಲಿಯ ಬದಿಯ, ಹಿತ್ತಲಿನ ಹಲವು ಬಗೆಯ ಸೊಪ್ಪುಗಳನ್ನು ಕೂಡಿಸಿ ಬೇಯಿಸಿ, ಅದನ್ನು ಬೇರೆಯಾಗಿ ತೆಗೆದಿಡುತ್ತಾರೆ. ನಸುಕಿನಲ್ಲಿ ಮನೆಯ ಯಜಮಾನನು ಆ ಬುಟ್ಟಿಯನ್ನು ಹೊತ್ತು ಗದ್ದೆಗೆ ಹೋಗಿ, ಕೂಗಿ ಹೇಳುತ್ತ ಪೈರಿನ ನಡುವೆ ಬೀರುತ್ತಾನೆ. ಬೆಳಕು ಹರಿದ ಮೇಲೆ ಅಜ್ಜಿಯಿಂದ ಹಿಡಿದು ಕಂಕುಳ ಕೂಸಿನವರೆಗೆ ಮನೆಮಂದಿಯೆಲ್ಲ ಗದ್ದೆಗೆ ಹೊರಡುತ್ತಾರೆ. ಪೈರಿಗೆ ಸೀರೆ ಕುಪ್ಪಸಗಳ ಉಡುಗೊರೆಯಿತ್ತು, ಹೂ ಮುಡಿಸಿ ಪೂಜಿಸುತ್ತಾರೆ. ಎಡೆಯಲ್ಲಿ ಕಾಗೆಗೂ ಪಾಲುಂಟು, ಪೈರನ್ನು ಕಡಿಯುವ ಇಲಿಗೂ ಪಾಲುಂಟು. ಕಡುಬನ್ನು ಮಣ್ಣಿನಲ್ಲಿ ಹೂಳುವ ರೂಢಿಯೂ ಇದೆ. ಭೂಮಿ ಉಂಡ ಮೇಲೆಯೇ ಮನುಷ್ಯರ ಪಂಕ್ತಿ.

ಬಯಲುಸೀಮೆಯೂ ಈ ಭಾವಕ್ಕೆ ಹೊರಗಲ್ಲ. ಉತ್ತರ ಕರ್ನಾಟಕದ ರೈತರು ಶೀಗಿ ಹುಣ್ಣಿಮೆಗೆ ಮತ್ತು ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಐದು ಕಲ್ಲುಗಳನ್ನು ಪಾಂಡವರೆಂದು ಇರಿಸಿ ಪೂಜಿಸಿ, ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಬುತ್ತಿ ಬಿಚ್ಚಿ, ನೆರೆಹೊರೆಯವರನ್ನೂ ಕರೆದು ಉಣ್ಣುತ್ತಾರೆ.

ಬೆಳೆ ಹುಲುಸಾಗಿರುವಾಗ ಇದೆಲ್ಲ ಸುಲಭ. ಬರ ಬಂದಾಗಲೇ ಹಬ್ಬದ ಅರ್ಥಕ್ಕೆ ಪರೀಕ್ಷೆ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಆ ವರ್ಷ ಅಕ್ಟೋಬರ್ 28ರಂದು ಭೂಮಿ ಹುಣ್ಣಿಮೆ. ಸಾಗರದ ಕಡೆಯ ಒಂದು ಹಳ್ಳಿಯ ಮನೆಗೆ, ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದ ಕಿರಿಯ ಮಗನು ಹೆಂಡತಿ ಮಗಳೊಡನೆ ಬಂದಿದ್ದನು. ಗದ್ದೆಯ ಮಣ್ಣು ಬಿರುಕು ಬಿಟ್ಟಿತ್ತು. ತೆನೆಗಳು ತಲೆ ಬಾಗದೆ ನೆಟ್ಟಗೆ ನಿಂತಿದ್ದವು. ಇನ್ನು ಈ ಗದ್ದೆಯನ್ನು ಬಿಟ್ಟುಬಿಡುವುದೇ ಲೇಸೆಂದು ಅಣ್ಣತಮ್ಮಂದಿರು ಹಿಂದಿನ ದಿನವಷ್ಟೇ ಮಾತನಾಡಿಕೊಂಡಿದ್ದರು.

ಪೂಜೆಯ ಹೊತ್ತಿನಲ್ಲಿ ಹುಡುಗಿ ಕೇಳಿದಳು: “ಅಜ್ಜೀ, ಈ ವರ್ಷ ಬೆಳೆಯೇ ಇಲ್ಲವಲ್ಲ, ಇಷ್ಟೆಲ್ಲ ಯಾಕೆ ಮಾಡ್ಬೇಕು?”

ಅಜ್ಜಿ ಎಲೆಗೆ ಕಡುಬು ಬಡಿಸುತ್ತಲೇ ಹೇಳಿದಳು: “ಬಸುರಿ ಸೊರಗಿದಾಳೆ ಅಂತ ಉಣ್ಣಕ್ಕೆ ಇಡದೆ ಇರ್ತಾರೇನೆ ಮಗಾ? ಸೊರಗಿದವಳಿಗೇ ಮೊದ್ಲು ಇಡಬೇಕು.”

ಅಲ್ಲಿದ್ದವರಾರೂ ಮರುಮಾತನಾಡಲಿಲ್ಲ. ಊಟವಾದ ಮೇಲೆ ಅಣ್ಣತಮ್ಮಂದಿರು ಗದ್ದೆಯ ಅಂಚಿನ ಮೇಲೆ ಬಹಳ ಹೊತ್ತು ಕುಳಿತರು. ಗದ್ದೆಯ ತಲೆಯಲ್ಲಿ ಹೂಳು ತುಂಬಿದ ಹಳೆಯದೊಂದು ಹೊಂಡವಿತ್ತು. ಬೇಸಗೆಯಲ್ಲಿ ಅದರ ಹೂಳೆತ್ತಬೇಕು, ತಮ್ಮನು ರಜೆ ಹಾಕಿ ಬರಬೇಕು ಎಂದು ಮಾತಾಯಿತು. ಹುಡುಗಿ ಆ ಹೊಂಡವನ್ನು ನೋಡಿದ್ದು ಅದೇ ಮೊದಲು.

ಆ ಗದ್ದೆಯಲ್ಲಿ ಆ ವರ್ಷ ದೊರೆತುದು ಎಂದಿನ ಅರ್ಧ ಭತ್ತವೂ ಅಲ್ಲ. ಹಬ್ಬ ಮಾಡಿದ ಮಾತ್ರಕ್ಕೆ ಜೊಳ್ಳು ಕಾಳಾಗಲಿಲ್ಲ. ಆದರೆ ಮುಂದಿನ ಬೇಸಗೆಯಲ್ಲಿ ಹೊಂಡದ ಹೂಳು ಮೇಲೆ ಬಂತು.

ಇಂದು ಮಲೆನಾಡಿನ ಎಷ್ಟೋ ಭತ್ತದ ಗದ್ದೆಗಳು ಅಡಕೆಯ ತೋಟಗಳಾಗಿವೆ. ಮನೆಯ ಮಕ್ಕಳು ದೂರದ ನಗರಗಳಲ್ಲಿದ್ದಾರೆ. ಆದರೂ ಈ ದಿನ ಊರಿಗೆ ಬರುವವರಿದ್ದಾರೆ. ತೋಟದಲ್ಲಿಯೇ ಎಡೆಯಿಟ್ಟು ಉಣ್ಣುವವರಿದ್ದಾರೆ. ಫಲ ಬಂದ ಮೇಲೆ ಸಲ್ಲಿಸುವ ಕೃತಜ್ಞತೆಯಲ್ಲಿ ಸ್ವಲ್ಪ ಲೆಕ್ಕಾಚಾರ ಬೆರೆತಿರಬಹುದು. ಫಲ ಕಾಣುವ ಮೊದಲೇ, ಫಲ ಬಾರದೆಂದು ತಿಳಿದಾಗಲೂ, ಅನ್ನವಿತ್ತವಳಿಗೆ ಅನ್ನವಿಡುವುದರಲ್ಲಿ ಲೆಕ್ಕವಿಲ್ಲ. ಅದು ಮನೆಯವರು ಮನೆಯವರಿಗೆ ಮಾಡುವ ಉಪಚಾರ.