ಹಳೇ ಯೆಜ್ಡಿ: ದುಡ್ಡು ಎಲ್ಲಿ ಹೋಗುತ್ತೆ?

"ಹಳೇ ಯೆಜ್ಡಿ ತಗೊಂಡು ರೆಡಿ ಮಾಡೋಣ ಮಗಾ" ಅನ್ನೋ ಮಾತು ಹಾಸ್ಟೆಲ್‌ನಲ್ಲಿ ಆಗಾಗ ಬರುತ್ತೆ. ನಾವು ಮೂವರು ಒಂದು ವರ್ಷದಿಂದ ಅದೇ ಕೆಲಸದಲ್ಲಿದ್ದೀವಿ. ಗಾಡಿ ನಮ್ಮಲ್ಲೊಬ್ಬನ ತಾತನದ್ದು, ಗುಜರಿಗೆ ಹೋಗೋದರಲ್ಲಿತ್ತು.

ಮೊದಲು ಕಾಗದ ನೋಡಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಿಸಬೇಕು. ಎಂಜಿನ್, ಚಾಸಿ ನಂಬರ್ ಹೊಂದದಿದ್ದರೆ ಮುಂದಿನ ಖರ್ಚೆಲ್ಲ ನೀರಲ್ಲಿ ಹೋಮ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಾಗಾಗಿ ಒರಿಜಿನಲ್ ಪಾರ್ಟ್ ಅಂದ್ರೆ ಯಾವುದೋ ಅಂಗಡಿಯ ಹಳೇ ಸ್ಟಾಕ್, ಇಲ್ಲಾ ಕೆಟ್ಟು ನಿಂತ ಇನ್ನೊಂದು ಗಾಡಿ.

ಪೇಂಟ್, ಕ್ರೋಮ್ ಕಣ್ಣಿಗೆ ಕಾಣುತ್ತೆ. ಆದ್ರೆ ದುಡ್ಡು ತಿನ್ನೋದು ಕಾಣದ ಜಾಗ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸ್‌ಗೆ ಬರುತ್ತೆ. ಅಲ್ಲಿನ ಆಯಿಲ್ ಸೀಲ್ ಬಿರುಕು ಬಿಟ್ಟರೆ ಹೊರಗಿನ ಗಾಳಿ ನುಗ್ಗಿ, ಪೆಟ್ರೋಲ್ ಜೊತೆ ಬರೋ ಆಯಿಲ್ ಸಾಲದೆ, ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳಬಹುದು. ಸೀಲ್ ಅಗ್ಗ, ಅದರ ತನಕ ಬಿಚ್ಚೋ ಕೂಲಿ ಅಗ್ಗ ಅಲ್ಲ.

ಮಾರಿ ಲಾಭ ಮಾಡೋ ಲೆಕ್ಕ ಇದ್ರೆ ಕೈ ಹಾಕಬೇಡಿ. ತಾತನಿಗೀಗ 81. ಬಣ್ಣ ಯಾವುದು ಅಂತ ಅವರು ಒಮ್ಮೆಯೂ ಕೇಳಿಲ್ಲ, "ಸ್ಟಾರ್ಟ್ ಆಯ್ತೇನ್ರೋ?" ಅಂತ ಪ್ರತಿ ವಾರ ಕೇಳ್ತಾರೆ. ಅದಕ್ಕೇ ನಮ್ಮ ಪಟ್ಟಿಯಲ್ಲಿ ಎಂಜಿನ್ ಮೊದಲು, ಪೇಂಟ್ ಕೊನೆಗೆ.